ಮಕ್ಕಳ ಬೇಸಿಗೆ ಸೆಮಿಸ್ಟರು, ಮನೆಯವರ ಆಸರೆ

ಸಂಕ್ರಾಂತಿಯ ಎಳ್ಳು ಬೀರಿ ಮುಗಿದು, ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುವ ಹೊತ್ತಿಗೆ ಕಾಲೇಜು ಮಕ್ಕಳಿಗೆ ವರ್ಷದ ಎರಡನೆಯ ಸೆಮಿಸ್ಟರು ಹತ್ತಿಕೊಂಡಿರುತ್ತದೆ. ಒಂದೊಂದು ವಿಶ್ವವಿದ್ಯಾಲಯದ ತಾರೀಖು ಒಂದೊಂದು ತರಹ. ಆದರೂ ಪಾಠ, ಟೆಸ್ಟು, ಲ್ಯಾಬು ಎಲ್ಲವೂ ನಡೆಯುವುದು ಬೇಸಿಗೆಯ ಉರಿಯಲ್ಲೇ. ಮೊದಲ ಸೆಮಿಸ್ಟರಿನಲ್ಲಿ ಹೊಸ ಬ್ಯಾಗು, ಹೊಸ ಗೆಳತಿಯರು ಅಂತ ದಿನ ಕಳೆದದ್ದೇ ತಿಳಿಯದು. ಎರಡನೆಯದರಲ್ಲಿ ಆ ಸಂಭ್ರಮ ಇಳಿದಿರುತ್ತದೆ, ಮೊದಲನೆಯದರ ರಿಸಲ್ಟೂ ನಡುವೆ ಬಂದು ಕೂತುಕೊಳ್ಳುತ್ತದೆ. ಸೇರಿಸುವಾಗ ಊರೆಲ್ಲ ಓಡಾಡಿದ ನಾವು "ಇನ್ನು ಅವರ ಪಾಡಿಗೆ ಓದಿಕೊಳ್ತಾರೆ ಬಿಡಿ" ಅಂತ ಸುಮ್ಮನಾಗುವುದೂ ಸರಿಯಾಗಿ ಆಗಲೇ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸಂಸಾರಕ್ಕೆ ಬಿದ್ದವಳು. ನಮ್ಮದು ಅರಸೀಕೆರೆ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್‌ಸಿ. ನಾಲ್ಕನೆಯ ಸೆಮಿಸ್ಟರು ಓದುತ್ತಾಳೆ. ಮಗ ದಿನಾ ಹಾಸನಕ್ಕೆ ಹೋಗಿಬಂದು ಎಂಜಿನಿಯರಿಂಗ್ ಮಾಡುತ್ತಾನೆ. ಅವರ ಪುಸ್ತಕ ತೆರೆದರೆ ಒಂದು ಸಾಲೂ ನನ್ನ ತಲೆಗೆ ಹತ್ತುವುದಿಲ್ಲ. ಆದರೆ ಹಾಲಿನ ಲೆಕ್ಕ, ಚೀಟಿ ಲೆಕ್ಕ ಇಡುವವಳಿಗೆ ಹಾಜರಿಯ ಲೆಕ್ಕ ಬಾರದೆ ಉಂಟೆ?

ನೀವೂ ಕೂಡಿಸಿ ನೋಡಿ. ಒಂದು ಸೆಮಿಸ್ಟರಿಗೆ ಸುಮಾರು 90 ಪಾಠದ ದಿನ. ಡಿಗ್ರಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇಕಡಾ 75 ಹಾಜರಿ ಇರಲೇಬೇಕು. ಎಂಜಿನಿಯರಿಂಗಿನಲ್ಲಿ ಇನ್ನೂ ಬಿಗಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಂತೆ 85. ಅಲ್ಲಿಗೆ ಡಿಗ್ರಿ ಮಕ್ಕಳಿಗೆ ತಪ್ಪಿಸಿಕೊಳ್ಳಲು ಸಿಗುವುದು ಹೆಚ್ಚೆಂದರೆ 22 ದಿನ. ಬೇಸಿಗೆ ಎಂದರೆ ನಮ್ಮಲ್ಲಿ ಮದುವೆಯ ಕಾಲ. ಎರಡು ಮದುವೆಗೆ ನಾಲ್ಕು ನಾಲ್ಕು ದಿನ, ಯುಗಾದಿ ರಜೆಗೆ ಹಿಂದೆ ಮುಂದೆ ಸೇರಿಸಿ ಮೂರು, ಊರ ಜಾತ್ರೆಗೆ ಮೂರು, ಯಾರದೋ ಗೃಹಪ್ರವೇಶಕ್ಕೆ ಎರಡು. ಹದಿನಾರಾಯಿತು. ಈ ಕಾಲಕ್ಕೇ ಬರುವ ಸೀತಾಳೆ ಸಿಡುಬು ಒಂದು ವಾರ ಮಲಗಿಸಿದರೆ ಹುಡುಗಿ ಹಾಲ್ ಟಿಕೆಟ್ಟಿಗಾಗಿ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತಿರುತ್ತಾಳೆ. ಅದರಲ್ಲೂ ಬಹಳ ಕಡೆ ಹಾಜರಿ ಎಣಿಸುವುದು ವಿಷಯವಾರು. ವಾರಕ್ಕೊಂದೇ ಲ್ಯಾಬು ಇರುವ ದಿನ ನಾಂದಿಗೆ ಕರೆಸಿಕೊಂಡರೆ ಆ ವಾರದ ಲ್ಯಾಬು ಪೂರಾ ಹೋದ ಹಾಗೆ.

ಇದಕ್ಕೆ ನಮ್ಮ ಮನೆಯಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಚಿಕ್ಕಪ್ಪನ ಮಗಳ ಮದುವೆಗೆ ಮಕ್ಕಳು ಬರಬೇಕು, ಚಿಕ್ಕಪ್ಪನ ಷಡ್ಡಕನ ಮಗಳ ಮದುವೆಗೆ ಬೇಡ. ಬಂದರೂ ಹಿಂದಿನ ರಾತ್ರಿ ಬಂದು ಮುಹೂರ್ತ, ಊಟ ಮುಗಿಸಿ ಸಂಜೆಯ ಬಸ್ಸು ಹತ್ತಬೇಕು. ಬೀಗರ ಔತಣಕ್ಕೆ ನಾವಿದ್ದರೆ ಸಾಕು. "ನಿನ್ನ ಮಗಳೇನು ಕಲೆಕ್ಟರಾಗ್ತಾಳೇನಮ್ಮ?" ಅಂತ ಅತ್ತೆಯ ಕಡೆಯವರು ಒಂದು ಮಾತು ಆಡಿದರು. ಆಡಲಿ ಬಿಡಿ. ಮದುವೆಮನೆಯ ಮಾತು ಎಲೆ ಎತ್ತುವ ತನಕ. ಮಗಳು ಕಳೆದುಕೊಂಡ ಹಾಜರಿಯನ್ನು ಅವರು ತಂದುಕೊಡುತ್ತಾರೆಯೆ?

ಇನ್ನು ಪರೀಕ್ಷೆಗೆ ಮುಂಚೆ ಓದುವ ರಜೆ. ಹಾಸ್ಟೆಲಿನ ಹುಡುಗಿ ಪುಸ್ತಕ ಹೊತ್ತು ಮನೆಗೆ ಬರುವುದಕ್ಕೂ ನಾವು ಹಪ್ಪಳ ಸಂಡಿಗೆ, ಮಾವಿನ ಮಿಡಿ ಹಿಡಿಯುವುದಕ್ಕೂ ಎಷ್ಟೋ ಸಲ ಸರಿಹೋಗುತ್ತದೆ. ಮನೆಯಲ್ಲಿ ಎರಡು ಕೈ ಹೆಚ್ಚಾದರೆ ಯಾರಿಗೆ ಬೇಡ? "ಸ್ವಲ್ಪ ಒತ್ತಿಕೊಡೇ" ಅಂದರೆ ಬೆಳಗಿನ ಏಳರಿಂದ ಹನ್ನೊಂದರವರೆಗೆ ಬಿಸಿಲಲ್ಲಿ ನಿಂತಿರುತ್ತಾಳೆ. ಆಮೇಲೆ ಓದಲು ಕೂತರೆ ಕಣ್ಣು ಎಳೆಯುತ್ತದೆ. ಅದೇ ಮನೆಯ ಹುಡುಗ ಬಾಗಿಲು ಹಾಕಿಕೊಂಡು ಕೂತಿದ್ದರೆ "ಓದ್ತಾ ಇದಾನೆ, ಗಲಾಟೆ ಮಾಡಬೇಡಿ" ಅಂತ ಕಾಫಿ ಒಳಗೇ ಹೋಗುತ್ತದೆ! ಸೋದರಿಯರೆ, ಇದನ್ನು ಮಾಡುವವರು ಗಂಡಸರಲ್ಲ, ನಾವೇ. ಸಂಡಿಗೆ ಒಂದು ವರ್ಷ ಅಂಗಡಿಯಿಂದ ತಂದರೂ ನಡೆದೀತು. ಹುಡುಗಿಯ ಬೆಳಗಿನ ನಾಲ್ಕು ಗಂಟೆ ಅವಳದ್ದೇ ಆಗಿರಲಿ. ಬೇಸಿಗೆಯಲ್ಲಿ ಓದು ಮೈಗೆ ಹತ್ತುವುದು ನಸುಕಿನಲ್ಲಿ, ಅದಕ್ಕೆ ರಾತ್ರಿ ಹತ್ತಕ್ಕೆ ಮನೆಯ ಟೀವಿಯೂ ಮಲಗಬೇಕು.

ರಿಸಲ್ಟಿನ ವಿಷಯಕ್ಕೆ ಬರುತ್ತೇನೆ. ಹೇಳಬೇಕಾದದ್ದು ಇಲ್ಲೇ ಹೆಚ್ಚು.

ನಮ್ಮ ಬೀದಿಯ ಒಬ್ಬಳು ಹುಡುಗಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲೂ ಒಳ್ಳೆಯ ಅಂಕ. ಬಿ.ಎಸ್‌ಸಿ. ಮೊದಲ ಸೆಮಿಸ್ಟರಿನಲ್ಲಿ ಎರಡು ಪೇಪರು ಹೋಯಿತು. ಅವಳು ಯಾರಿಗೂ ಹೇಳಲಿಲ್ಲ. "ಇನ್ನೂ ಬಂದಿಲ್ಲಮ್ಮ" ಅಂತ ಒಂದು ತಿಂಗಳು ತಳ್ಳಿದಳು. ಕಡೆಗೆ ಸೋದರಮಾವನ ಮಗ ಮೊಬೈಲಿನಲ್ಲಿ ನೋಡಿ, ಆರತಕ್ಷತೆಯ ನಡುವೆ ಎಲ್ಲರೆದುರು ಹೇಳಿಬಿಟ್ಟ. ಅಜ್ಜ ಅಲ್ಲೇ ತೀರ್ಪು ಕೊಟ್ಟರು: "ಓದಿದ್ದು ಸಾಕು, ಮನೆಬಾಗಿಲಿಗೆ ಸಂಬಂಧ ಬಂದಿದೆ."

ಗಂಡುಹುಡುಗ ಫೇಲಾದರೆ "ಮುಂದಿನ ಸಲ ಕಟ್ಟು" ಅನ್ನುತ್ತಾರೆ. ಹುಡುಗಿ ಫೇಲಾದರೆ ಜಾತಕ ಹೊರಗೆ ಬರುತ್ತದೆ. ಇದು ಹುಡುಗಿಯರಿಗೆ ಗೊತ್ತು, ಅದಕ್ಕೇ ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಆಗುವ ನಷ್ಟ ಇನ್ನೊಂದು. ರಿಸಲ್ಟು ಬಂದ ಮೇಲೆ ಉತ್ತರಪತ್ರಿಕೆಯ ನಕಲು ತರಿಸಿ ನೋಡಲು, ಮರುಮೌಲ್ಯಮಾಪನ ಕೇಳಲು ಅವಕಾಶವುಂಟು, ಆದರೆ ಅದಕ್ಕೆ ಕೆಲವೇ ದಿನಗಳ ಗಡುವು, ಪೇಪರಿಗೆ ಇಷ್ಟು ಅಂತ ದುಡ್ಡು. ಭಯದಿಂದ ಬಾಯಿ ಬಿಡದ ಹುಡುಗಿ ದುಡ್ಡು ಕೇಳುವುದು ಹೇಗೆ? ಗಡುವು ದಾಟಿತು. ಎರಡು ಮೂರು ಅಂಕದಲ್ಲಿ ಹೋದ ಪೇಪರಾದರೂ ಹೋದದ್ದು ಹೋದಂತೆಯೇ.

ಆ ಹುಡುಗಿಯ ತಾಯಿ ಏಳನೆಯ ತರಗತಿ ಓದಿದವರು, ಮಾವನೆದುರು ಸೊಲ್ಲೆತ್ತಿದವರಲ್ಲ. ಮರುದಿನ ಕಾಲೇಜಿಗೆ ತಾವೇ ಹೋಗಿ ಕೇಳಿಕೊಂಡು ಬಂದರು. ಉಳಿದ ಪೇಪರನ್ನು ಮತ್ತೆ ಬರೆಯಬಹುದು, ಎರಡನೆಯ ಸೆಮಿಸ್ಟರಿನ ಪಾಠಕ್ಕೂ ಕೂರಬಹುದು ಎಂದು ತಿಳಿಯಿತು. ಮನೆಗೆ ಬಂದು "ಪರೀಕ್ಷೆ ಮುಗಿಯೋವರೆಗೆ ಈ ಮನೇಲಿ ಜಾತಕದ ಮಾತು ಬೇಡ" ಅಂದರಂತೆ. ಅಷ್ಟೇ. ಹುಡುಗಿ ಆಮೇಲೆ ಒಂದು ಪೇಪರು ತೆಗೆದುಕೊಂಡಳು. ಇನ್ನೊಂದು ಇನ್ನೂ ಬಾಕಿ ಇದೆ, ಮತ್ತೆ ಕಟ್ಟಿದ್ದಾಳೆ. ಓದು ನಿಂತಿಲ್ಲ.

ಕನ್ನಡ ಮಾಧ್ಯಮದ ಮಕ್ಕಳು ಮೊದಲ ವರ್ಷ ಎಡವುವುದು ಬುದ್ಧಿ ಸಾಲದೆ ಅಲ್ಲ, ಇಂಗ್ಲಿಷಿನ ಪಾಠ ಕಿವಿಗೆ ಹತ್ತುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಅಂಥವರಿಗೆ ಟ್ಯೂಶನ್ನಿಗಿಂತ ಅದೇ ಕಾಲೇಜಿನ ಹಿರಿಯ ವಿದ್ಯಾರ್ಥಿನಿಯೊಬ್ಬಳ ಹಳೆಯ ನೋಟ್ಸು, ಲೈಬ್ರರಿಯ ಹಳೆಯ ಪ್ರಶ್ನೆಪತ್ರಿಕೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ನಮ್ಮ ಮಗಳಿಗೆ ಹೀಗೆ ನೋಟ್ಸು ಕೊಟ್ಟವಳಿಗೆ ನಾನು ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕಳಿಸಿದ್ದೆ. ತೆಂಗಿನ ಸೀಮೆಯವರಿಗೆ ಅದೇನು ದೊಡ್ಡದು!

ಫೋನಿನ ಮಾತೂ ಹೇಳಬೇಕು. ದಿನಾ ರಾತ್ರಿ "ಏನು ಓದಿದೆ? ಎಷ್ಟು ಓದಿದೆ?" ಅಂತ ಕೇಳಿದರೆ "ಹೂಂ, ಓದಿದೆ" ಅನ್ನುವ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. "ನಾಳೆ ಮೊದಲನೇ ಕ್ಲಾಸು ಯಾವುದು? ಮೆಸ್ಸಿನಲ್ಲಿ ಏನಿತ್ತು? ಫ್ಯಾನು ಸರಿಮಾಡಿದರಾ?" ಅಂದು ನೋಡಿ, ಮಾತು ತಾನೇ ಬಿಚ್ಚಿಕೊಳ್ಳುತ್ತದೆ. ಟೆಸ್ಟಿನ ಹಿಂದಿನ ರಾತ್ರಿ ಮನೆಯ ಜಗಳ, ಸಾಲ, ಓರಗಿತ್ತಿಯ ದೂರು ಫೋನಿನಲ್ಲಿ ಬೇಡ. ಹಾಗಂತ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮುಚ್ಚಿಡುವುದೂ ಸರಿಯಲ್ಲ. ಆಮೇಲೆ ತಿಳಿದರೆ ನಮ್ಮ ಯಾವ ಮಾತನ್ನೂ ಮಕ್ಕಳು ನಂಬರು.

ಕೆಲವು ಗುರುತು ಮಾತ್ರ ಲಘುವಾಗಿ ತೆಗೆದುಕೊಳ್ಳಬಾರದು. ಊಟ ಬಿಟ್ಟಿರುವುದು, ನಿದ್ರೆ ಬಾರದಿರುವುದು, ಫೋನು ಎತ್ತದಿರುವುದು, "ನಾನಿದ್ದು ಏನು ಪ್ರಯೋಜನ" ಎಂಬ ಮಾತು. ಅಂಥ ಮಾತು ಬಂದರೆ ಬೆಳಗಾಗುವವರೆಗೆ ಕಾಯಬೇಡಿ. "ಜೀವಕ್ಕೆ ಏನಾದರೂ ಮಾಡಿಕೊಳ್ಳೋಣ ಅನ್ನಿಸುತ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು ಭಯ, ಕೇಳಿದರೆ ಮಕ್ಕಳ ಎದೆ ಹಗುರಾಗುತ್ತದೆ. ವಾರ್ಡನ್ನಿಗೋ ಕೋಣೆಯ ಗೆಳತಿಗೋ ಹೇಳಿ ಒಂಟಿಯಾಗಿರದಂತೆ ನೋಡಿಕೊಳ್ಳಿ. 14416 ಎಂಬ ಸಂಖ್ಯೆಗೆ ಮಕ್ಕಳೂ ಮಾತನಾಡಬಹುದು, ನಾವೂ ಮಾತನಾಡಬಹುದು. ಇದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ. ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ, ದುಡ್ಡಿಲ್ಲ. ಆಮೇಲೆ ಬಸ್ಸು ಹತ್ತಿ ಹೋಗಿಬಿಡಿ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಡುವ ಹಾಗಿಲ್ಲವಲ್ಲ, ಆಧಾರ್ ಕಾರ್ಡು ಚೀಲದಲ್ಲಿದ್ದರೆ ಆಯಿತು. ಏನೂ ಇಲ್ಲದ ದಿನ ಕೂಡ ಸೆಮಿಸ್ಟರಿನ ನಡುವೆ ಒಮ್ಮೆ ಹೋಗಿ ಬನ್ನಿ. ಒಂದು ಹೊತ್ತು ಜೊತೆಗೆ ಊಟ ಮಾಡಿದರೆ ಮುಖ ಎಲ್ಲ ಹೇಳುತ್ತದೆ.

ದುಡ್ಡಿನದು ಎರಡೇ ಮಾತು. ಪರೀಕ್ಷೆ ಫೀಸಿನ ಕಡೆಯ ದಿನ ಕ್ಯಾಲೆಂಡರಿನಲ್ಲಿ ಕೆಂಪಗೆ ಗುರುತು ಹಾಕಿ, ದಾಟಿದರೆ ದಂಡ. ಸ್ಕಾಲರ್‌ಷಿಪ್ ಅರ್ಜಿ ಹಾಕಿದ್ದರೆ ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಒಮ್ಮೆ ವಿಚಾರಿಸಿ.

ಬೇಸಿಗೆಯಲ್ಲಿ ಮೆಸ್ಸಿನ ಊಟ ಸೇರದ ಮಕ್ಕಳಿಗೆ ಕಳಿಸಲು ರಾಗಿ ಹುರಿಹಿಟ್ಟಿನಂಥ ಪದಾರ್ಥ ಬೇರೆ ಇಲ್ಲ. ಒಲೆ ಬೇಡ, ಹೊಟ್ಟೆಗೆ ತಂಪು. ಒಂದು ಕಿಲೋ ರಾಗಿಯನ್ನು ಕಲ್ಲುಮಣ್ಣು ಹೋಗುವಂತೆ ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ರಾತ್ರಿ ಇಡಿ. ಬೆಳಿಗ್ಗೆ ನೆರಳಲ್ಲಿ ಹರಡಿ ಕೈಗೆ ತೇವ ಅಂಟದಷ್ಟು ಆರಿಸಿ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೊಂದೇ ಹಿಡಿ ಹಾಕಿ ಬಟ್ಟೆಯುಂಡೆಯಿಂದ ಆಡಿಸುತ್ತ ಹುರಿದರೆ ಚಟಪಟ ಅಂತ ಅರಳುತ್ತದೆ. 100 ಗ್ರಾಂ ಹುರಿಗಡಲೆ, ಎಂಟು ಏಲಕ್ಕಿ ಸೇರಿಸಿ ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿ. ಮುಂದಿನವರು ಖಾರದ ಪುಡಿ ಬೀಸಿಸಿದ್ದರೆ ಮಾತ್ರ ಆ ದಿನ ಬೇಡ, ಇನ್ನೊಂದು ದಿನ ಹೋಗಿ! ಹಿಟ್ಟು ಪೂರಾ ಆರಿದ ಮೇಲೆ ಡಬ್ಬಿಗೆ ತುಂಬಿ. ಬೆಲ್ಲವನ್ನು ಬೇರೆಯೇ ಕಟ್ಟಿ, ಬೆರೆಸಿ ಇಟ್ಟರೆ ಪಸೆಯಾಗಿ ಗಂಟು ಕಟ್ಟುತ್ತದೆ. ಒಂದು ಲೋಟ ಹಾಲಿಗೆ ಮೂರು ಚಮಚ ಹಿಟ್ಟು, ರುಚಿಗೆ ಬೆಲ್ಲ. ಹಾಲು ಸಿಗದ ದಿನ ಮಜ್ಜಿಗೆಗೆ ಉಪ್ಪು ಹಾಕಿ ಕದಡಿಕೊಂಡರೂ ಸರಿ. ಅಳತೆ ಮಾತ್ರ ಒಬ್ಬಳಿಗೆ ಅಂತ ಇಟ್ಟುಕೊಳ್ಳಬೇಡಿ, ಕೋಣೆಯಲ್ಲಿ ನಾಲ್ವರು ಇರುತ್ತಾರೆ.