ಧ್ಯಾನ: ಭ್ರಮೆ ಮತ್ತು ನಿಜ

ಧ್ಯಾನವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಗುಹೆಯೂ ಜಟಾಧಾರಿಯೂ ಬಂದು ನಿಲ್ಲುವುದುಂಟು. ಮನಸ್ಸು ಬರಿದಾಗದಿದ್ದರೆ ಅದು ಧ್ಯಾನವೇ ಅಲ್ಲವೆಂದು ತಿಳಿದು, ಎರಡು ದಿನ ಕುಳಿತು ಮೂರನೆಯ ದಿನ ಕೈಬಿಡುವವರೂ ಉಂಟು. ಈ ತಿಳಿವಳಿಕೆ ಸರಿಯೇ?

ಪತಂಜಲಿಯ ಯೋಗಸೂತ್ರದಲ್ಲಿ ಧ್ಯಾನವು ಎಂಟು ಅಂಗಗಳಲ್ಲಿ ಏಳನೆಯದು. ಚಿತ್ತವನ್ನು ಒಂದೆಡೆ ನಿಲ್ಲಿಸುವುದು ಧಾರಣೆ. ಆ ಅರಿವು ಎಡೆಬಿಡದೆ ಹರಿಯುವುದೇ ಧ್ಯಾನ. ಅಲ್ಲಿರುವುದು ಶೂನ್ಯವಲ್ಲ, ಏಕಾಗ್ರತೆ. ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಕ್ಕದೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೇ ದೂರುತ್ತಾನೆ. ಅಭ್ಯಾಸ ವೈರಾಗ್ಯಗಳೇ ಉಪಾಯವೆಂಬುದು ಕೃಷ್ಣನ ಉತ್ತರ. ಆದುದರಿಂದ ಮನಸ್ಸು ಅಲೆಯುವುದು ಸೋಲಲ್ಲ. ಅಲೆದುದನ್ನು ಅರಿತು ಮರಳಿ ತರುವುದೇ ಅಭ್ಯಾಸ.

ಧ್ಯಾನವು ಸರ್ವರೋಗನಿವಾರಕವೆಂಬುದು ಎರಡನೆಯ ಭ್ರಮೆ. 2014ರಲ್ಲಿ ಅಮೆರಿಕದ ಸಂಶೋಧಕರು 3,515 ಮಂದಿ ಪಾಲ್ಗೊಂಡಿದ್ದ 47 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿನೋಡಿದರು. ಕಳವಳ, ಖಿನ್ನತೆ, ನೋವುಗಳು ಸ್ವಲ್ಪಮಟ್ಟಿಗೆ ತಗ್ಗಿದ್ದು ಕಂಡುಬಂದಿತು. ಔಷಧಿ, ವ್ಯಾಯಾಮಗಳಿಗಿಂತ ಧ್ಯಾನವೇ ಮೇಲೆನ್ನಲು ಆಧಾರ ದೊರೆಯಲಿಲ್ಲ.

ಪರೀಕ್ಷೆಯ ಭಯದಿಂದ ನಿದ್ದೆಗೆಟ್ಟ ಗೆಳೆಯನಿಗೆ, "ಕಣ್ಣುಮುಚ್ಚಿ ಕೂರು, ಎಲ್ಲ ಸರಿಹೋಗುತ್ತದೆ" ಎನ್ನುವುದು ಸುಲಭ. ಆದರೆ ಹಾಗೆ ಕುಳಿತಾಗ ಕೆಲವರಿಗೆ ಕಳವಳ ಹೆಚ್ಚುವುದೂ ಉಂಟು. ಅವನು ವಾರಗಟ್ಟಲೆ ಕುಗ್ಗಿಯೇ ಇದ್ದರೆ ವೈದ್ಯರ ಬಳಿಗೆ ಕರೆದೊಯ್ಯುವುದೇ ಸ್ನೇಹಧರ್ಮ.

ಉಳಿದವರಿಗೆ ಗುಹೆಯೂ ಬೇಡ, ಜಟೆಯೂ ಬೇಡ. ವಿದ್ಯಾರ್ಥಿನಿಲಯದ ಚಾಪೆಯ ಮೇಲೆ ದಿನಕ್ಕೆ ಹತ್ತು ನಿಮಿಷ ಕುಳಿತು ಉಸಿರನ್ನು ಗಮನಿಸಿದರೆ ಸಾಕು. ಓದದ ಪಾಠವನ್ನು ಅದು ಕಲಿಸಲಾರದು. ಓದಲು ಕೂರುವ ಮನಸ್ಸಿಗೆ ಒಂದಿಷ್ಟು ನೆಮ್ಮದಿಯನ್ನು ತಂದೀತು.