ಪರಿಸರಸ್ನೇಹಿ ಶಾಲಾ ಕಟ್ಟಡ: ಗಾಂದೊ ಗ್ರಾಮದ ಮಾದರಿ

ಶಾಲೆಗೆ ಹೊಸ ಕಟ್ಟಡ ದೊರೆಯುವುದು ಸಾಮಾನ್ಯವಾಗಿ ಒಂದು ತಲೆಮಾರಿಗೊಮ್ಮೆ. ಆ ಸಂದರ್ಭದಲ್ಲಿ ಕೈಗೊಂಡ ತೀರ್ಮಾನಗಳ ಫಲವನ್ನು ಮುಂದಿನ ಮೂವತ್ತು ನಲವತ್ತು ವರ್ಷಗಳ ಕಾಲ ಅಲ್ಲಿ ಕುಳಿತು ಕಲಿಯುವ ಮಕ್ಕಳು ಅನುಭವಿಸುತ್ತಾರೆ. ಮಾರ್ಚ್ ತಿಂಗಳ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಪಾಠ ಹೇಳಿದ ಪ್ರತಿಯೊಬ್ಬ ಶಿಕ್ಷಕರಿಗೂ ಇದರ ಅರಿವಿದೆ. ಊಟದ ನಂತರದ ಅವಧಿಯಲ್ಲಿ ಮಕ್ಕಳ ಕಣ್ಣು ಮುಚ್ಚುವುದನ್ನು ನಾವು ಅಲಕ್ಷ್ಯವೆಂದು ಬಗೆಯುತ್ತೇವೆ. ಅನೇಕ ವೇಳೆ ಅದು ಕೊಠಡಿಯ ದೋಷವಾಗಿರುತ್ತದೆ.

ಪರಿಸರಸ್ನೇಹಿ ಕಟ್ಟಡವೆಂದೊಡನೆ ಸೌರಫಲಕ, ದುಬಾರಿ ಗಾಜು, ನಗರದ ದೊಡ್ಡ ಶಾಲೆಗಳು ನಮ್ಮ ಕಣ್ಣೆದುರು ಬರುತ್ತವೆ. ಅವುಗಳಿಗೂ ತಮ್ಮದೇ ಸ್ಥಾನವಿದೆ. ಆದರೆ ಇದರ ಮೂಲತತ್ತ್ವವು ಯಂತ್ರಗಳಲ್ಲಿ ಇಲ್ಲ. ಬಿಸಿಲು, ಗಾಳಿ, ಮಣ್ಣು ಇವುಗಳ ಸ್ವಭಾವವನ್ನರಿತು ಕಟ್ಟುವುದರಲ್ಲಿದೆ. ವಿದ್ಯುತ್ತಿನ ಸೌಕರ್ಯವೇ ಇಲ್ಲದ ಒಂದು ಹಳ್ಳಿಯಲ್ಲಿ ಇದನ್ನು ಸಾಧಿಸಿ ತೋರಿಸಿದ ಶಾಲೆಯೊಂದನ್ನು ಇಲ್ಲಿ ಪರಿಚಯಿಸಲಾಗಿದೆ.

ಗಾಂದೊ ಶಾಲೆಯ ಹಿನ್ನೆಲೆ

ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ ದೇಶದಲ್ಲಿ ಟೆಂಕೊದೊಗೊ ಎಂಬ ಪಟ್ಟಣವಿದೆ. ಅದರ ಸಮೀಪದ ಗ್ರಾಮ ಗಾಂದೊ. ಭೂಪಟವನ್ನು ತೆರೆದು ನೋಡಿದರೆ ಟೆಂಕೊದೊಗೊ ಪಟ್ಟಣವೂ ನಮ್ಮ ತಾಳವಾಡಿಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, ಭೂಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿಯ ಸಮೀಪದಲ್ಲಿ ಇರುವುದು ಕಾಣುತ್ತದೆ. ಎರಡೂ ಕಡೆ ನಡುಹಗಲಿನ ಸೂರ್ಯ ಒಂದೇ ಎತ್ತರದಲ್ಲಿರುತ್ತಾನೆ. ಆದರೆ ಗಾಂದೊ ಬಯಲುಸೀಮೆ; ಬೇಸಿಗೆಯಲ್ಲಿ ಅಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ.

ಈ ಗ್ರಾಮದ ಮುಖ್ಯಸ್ಥರ ಮಗ ಫ್ರಾನ್ಸಿಸ್ ಕೇರೆ, 1965ರಲ್ಲಿ ಜನಿಸಿದವರು, ಊರಿನಿಂದ ಶಾಲೆಗೆ ಹೋದ ಮೊದಲ ಬಾಲಕ. ಊರಿನಲ್ಲಿ ಶಾಲೆಯಿಲ್ಲದ ಕಾರಣ ಏಳನೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಟೆಂಕೊದೊಗೊಗೆ ತೆರಳಬೇಕಾಯಿತು. ಬೆಳಕೂ ಗಾಳಿಯೂ ಸಾಲದ ಕಾಂಕ್ರೀಟು ಕೊಠಡಿಯಲ್ಲಿ, ಕಿಕ್ಕಿರಿದ ಮಕ್ಕಳ ನಡುವೆ ಅವರು ಕಲಿತರು. ಮುಂದೆ ಬಡಗಿ ಕೆಲಸದ ತರಬೇತಿಗಾಗಿ ವಿದ್ಯಾರ್ಥಿವೇತನ ಪಡೆದು ಜರ್ಮನಿಗೆ ಹೋದ ಅವರು ಬರ್ಲಿನ್‌ನಲ್ಲಿ ವಾಸ್ತುಶಿಲ್ಪವನ್ನು ಅಭ್ಯಸಿಸಿದರು. ಅಷ್ಟರಲ್ಲಿ ಗಾಂದೊದಲ್ಲಿ ಒಂದು ಶಾಲೆ ಆರಂಭವಾಗಿತ್ತಾದರೂ ಅದರ ಕಟ್ಟಡ ಶಿಥಿಲವಾಗಿತ್ತು. ವಿದ್ಯಾರ್ಥಿಯಾಗಿದ್ದಾಗಲೇ, 1998ರಲ್ಲಿ, ಕೇರೆ ಒಂದು ಸಂಘವನ್ನು ಸ್ಥಾಪಿಸಿ ದೇಣಿಗೆ ಸಂಗ್ರಹಿಸಿದರು. ಮೂರು ಕೊಠಡಿಗಳ ಹೊಸ ಶಾಲೆ 2001ರಲ್ಲಿ ಪೂರ್ಣಗೊಂಡಿತು. ಅದಕ್ಕೆ 2004ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು. 2022ರಲ್ಲಿ ಕೇರೆಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ದೊರೆಯಿತು. ಆ ಗೌರವವನ್ನು ಪಡೆದ ಮೊದಲ ಆಫ್ರಿಕನ್ನರು ಅವರು.

ಗೋಡೆ: ಕಾಲ ಕೆಳಗಿನ ಮಣ್ಣು

ಮಣ್ಣಿನಿಂದ ಶಾಲೆ ಕಟ್ಟೋಣವೆಂದು ಕೇರೆ ಹೇಳಿದಾಗ ಊರವರು ಒಪ್ಪಲಿಲ್ಲ. ಮಳೆಗಾಲದಲ್ಲಿ ಮಣ್ಣಿನ ಗೋಡೆ ಕರಗಿ ಬೀಳುವುದನ್ನು ಅವರು ಕಂಡವರು. ಅವರ ಸಂಶಯ ನಿರಾಧಾರವಾಗಿರಲಿಲ್ಲ. ಅದಕ್ಕೆ ಕೇರೆ ಕಂಡುಕೊಂಡ ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ತಯಾರಿಸಿದರು. ಎರಡನೆಯದಾಗಿ, ಮಳೆಯ ಇರಚಲು ಗೋಡೆಗೆ ತಾಗದಂತೆ ಚಾವಣಿಯ ಸೂರನ್ನು ಬಹಳ ಮುಂದಕ್ಕೆ ಚಾಚಿದರು.

ಹೀಗೆ ಒತ್ತಿದ ಇಟ್ಟಿಗೆಯನ್ನು ಭಟ್ಟಿಯಲ್ಲಿ ಸುಡಬೇಕಾಗಿಲ್ಲ. ಆದುದರಿಂದ ಸೌದೆ ಉಳಿಯುತ್ತದೆ, ಹೊಗೆಯೂ ಇಲ್ಲ. ಮಣ್ಣು ಅಲ್ಲಿಯದೇ ಆದುದರಿಂದ ಸಾಗಣೆಯ ವೆಚ್ಚವೂ ಕಡಿಮೆ. ದಪ್ಪನೆಯ ಮಣ್ಣಿನ ಗೋಡೆ ನಿಧಾನವಾಗಿ ಕಾದು ನಿಧಾನವಾಗಿ ಆರುವುದರಿಂದ ಹಗಲಿನ ಕಾವು ಒಳಗೆ ತಲುಪುವಷ್ಟರಲ್ಲಿ ಶಾಲೆ ಬಿಡುವ ವೇಳೆಯಾಗಿರುತ್ತದೆ.

ಈ ತಂತ್ರ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಇಂತಹ ಒತ್ತಿದ ಮಣ್ಣಿನ ಇಟ್ಟಿಗೆಯ ಬಗೆಗೆ ದಶಕಗಳ ಕಾಲ ಸಂಶೋಧನೆ ನಡೆಸಿದೆ. ಪ್ರೊ. ಕೆ. ಎಸ್. ಜಗದೀಶ್ ಅವರ ಹೆಸರು ಈ ಕ್ಷೇತ್ರದಲ್ಲಿ ಸುಪರಿಚಿತ.

ಚಾವಣಿ: ತಗಡಿನ ಕೆಳಗೆ ಇನ್ನೊಂದು ಚಾವಣಿ

ನಮ್ಮ ಅಕ್ಷಾಂಶಗಳಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೇಸಿಗೆಯುದ್ದಕ್ಕೂ ನೆತ್ತಿಯ ಸಮೀಪದಲ್ಲಿಯೇ ಇರುತ್ತಾನೆ. ಹೀಗಾಗಿ ಕಟ್ಟಡದ ಮೇಲೆ ಬೀಳುವ ಬಿಸಿಲಿನ ದೊಡ್ಡ ಪಾಲು ಗೋಡೆಗಲ್ಲ, ಚಾವಣಿಗೆ ಬೀಳುತ್ತದೆ. ತಗಡು ತೆಳ್ಳಗಿರುವುದರಿಂದ ಕೆಲವೇ ನಿಮಿಷಗಳಲ್ಲಿ ಕಾದು, ಕಾದ ಹೆಂಚಿನಂತೆ ಕೆಳಗಿರುವವರ ತಲೆಯ ಮೇಲೆ ಶಾಖವನ್ನು ಸೂಸುತ್ತದೆ. ಫ್ಯಾನು ತಿರುಗಿಸಿದರೆ ಮೇಲಿನ ಬಿಸಿಗಾಳಿಯೇ ಕೆಳಗಿಳಿಯುತ್ತದೆ.

ಗಾಂದೊದಲ್ಲಿ ತಗಡನ್ನು ಕೈಬಿಡಲಿಲ್ಲ. ಮಳೆಯನ್ನು ತಡೆಯಲು ಅದು ಅಗ್ಗದ, ಹಗುರವಾದ ಸಾಧನ. ಬದಲಾಗಿ ಅದನ್ನು ಕೊಠಡಿಯಿಂದ ಬೇರ್ಪಡಿಸಿದರು. ಗೋಡೆಗಳ ಮೇಲೆ ಕಾಂಕ್ರೀಟಿನ ತೊಲೆಗಳು, ಅವುಗಳ ಮೇಲೆ ಕಬ್ಬಿಣದ ಸರಳುಗಳು, ಅವುಗಳ ಮೇಲೆ ಮಣ್ಣಿನ ಇಟ್ಟಿಗೆಗಳು: ಇದು ಒಳಚಾವಣಿ. ಇದರಲ್ಲಿ ಗಾಳಿ ಹಾಯಲು ಸಂದುಗಳಿವೆ. ಇದಕ್ಕಿಂತ ಸಾಕಷ್ಟು ಎತ್ತರದಲ್ಲಿ, ಸರಳುಗಳನ್ನು ಬೆಸೆದು ಮಾಡಿದ ಹಂದರದ ಮೇಲೆ ತಗಡಿನ ಹೊರಚಾವಣಿ. ಎರಡರ ನಡುವಿನ ಅವಕಾಶ ನಾಲ್ಕೂ ಕಡೆ ತೆರೆದಿದೆ.

ಇದರ ಕಾರ್ಯವಿಧಾನವನ್ನು ಏಳನೆಯ ತರಗತಿಯ ವಿದ್ಯಾರ್ಥಿಗೂ ವಿವರಿಸಬಹುದು. ತಗಡು ಕಾದಾಗ ಅದರ ಕೆಳಗಿನ ಗಾಳಿ ಬಿಸಿಯಾಗಿ ಹಗುರಾಗುತ್ತದೆ. ಬೀಸುವ ಗಾಳಿಯೊಡನೆ ಹೊರಗೆ ಸಾಗಿಹೋಗುತ್ತದೆ. ಕೊಠಡಿಯೊಳಗಿನ ಬಿಸಿಗಾಳಿಯೂ ಒಳಚಾವಣಿಯ ಸಂದುಗಳ ಮೂಲಕ ಮೇಲೇರಿ ಅದನ್ನು ಸೇರುತ್ತದೆ. ಆ ಸ್ಥಳವನ್ನು ತುಂಬಲು ಸೂರಿನ ನೆರಳಿನಲ್ಲಿರುವ ತಂಪು ಗಾಳಿ ಕಿಟಕಿಗಳಿಂದ ಒಳಬರುತ್ತದೆ. ಇಟ್ಟಿಗೆಯ ಪದರವು ತಗಡಿನ ಶಾಖ ಮಕ್ಕಳನ್ನು ನೇರವಾಗಿ ತಲುಪದಂತೆ ತಡೆಯುತ್ತದೆ. ಬಿಸಿಲು ಹೆಚ್ಚಿದಷ್ಟೂ ಈ ಚಲನೆ ಹೆಚ್ಚುತ್ತದೆ. ಇದಕ್ಕೆ ವಿದ್ಯುತ್ತು ಬೇಡ, ಬಿಡಿಭಾಗ ಬೇಡ.

ಇನ್ನೊಂದು ಲಾಭವೂ ಉಂಟು. ಬರಿಯ ತಗಡಿನ ಮೇಲೆ ಜಡಿಮಳೆ ಬಿದ್ದಾಗ ಪಾಠ ನಿಲ್ಲಿಸಬೇಕಾಗುತ್ತದೆ. ಕೊಠಡಿಗೂ ತಗಡಿಗೂ ನಡುವೆ ದಪ್ಪನೆಯ ಪದರವಿದ್ದರೆ ಸದ್ದು ತಗ್ಗುತ್ತದೆ. ಹೊರಗೆ ಮಲಯಾಳವನ್ನೋ ಮರಾಠಿಯನ್ನೋ ತೆಲುಗನ್ನೋ ಕೇಳಿ ಬರುವ ಮಗುವಿಗೆ ಕನ್ನಡದ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಸ್ಪಷ್ಟವಾಗಿ ಕೇಳಿಸಬೇಕಾದ ಸ್ಥಳ ತರಗತಿಯೇ. ನಮ್ಮ ಶಾಲೆಗಳಿಗೆ ಇದು ಸಣ್ಣ ವಿಷಯವಲ್ಲ.

ಕಟ್ಟಿದವರು ಮತ್ತು ಕಾಪಾಡುವವರು

ಗಾಂದೊ ಶಾಲೆಯನ್ನು ಕಟ್ಟಿದವರು ಊರವರೇ. ಮಕ್ಕಳು ತಳಪಾಯಕ್ಕೆ ಕಲ್ಲು ಆಯ್ದು ತಂದರು. ಹೆಂಗಸರು ಇಟ್ಟಿಗೆಗೆ ನೀರು ಹೊತ್ತರು. ಭಾರೀ ತೊಲೆಗಳನ್ನು ತರಲು ರಸ್ತೆಯಿಲ್ಲ, ಎತ್ತಲು ಕ್ರೇನೂ ಇಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ದೊರೆಯುವ ಸಾಮಾನ್ಯ ಕಬ್ಬಿಣದ ಸರಳುಗಳನ್ನು ಕೈಗರಗಸದಿಂದ ಕತ್ತರಿಸಿ, ಸಣ್ಣ ವೆಲ್ಡಿಂಗ್ ಯಂತ್ರದಿಂದ ಬೆಸೆಯುವುದನ್ನು ಊರಿನ ಯುವಕರಿಗೆ ಕಲಿಸಲಾಯಿತು. ಮುಂದೆ ಗ್ರಂಥಾಲಯ ಕಟ್ಟುವಾಗ ಮನೆಮನೆಯಿಂದ ಮಣ್ಣಿನ ಗಡಿಗೆಗಳನ್ನು ತಂದು, ತಳವನ್ನೂ ಬಾಯನ್ನೂ ಕತ್ತರಿಸಿ, ಚಾವಣಿಯ ಕಾಂಕ್ರೀಟಿನಲ್ಲಿ ಕೂಡಿಸಿ ಬೆಳಕಿಗೂ ಗಾಳಿಗೂ ದಾರಿ ಮಾಡಿದರು.

ಕಟ್ಟಿದವರಿಗೆ ರಿಪೇರಿ ಬರುತ್ತದೆ. ಪರಿಸರಸ್ನೇಹಿ ಎನಿಸಿಕೊಂಡ ಅನೇಕ ಸಲಕರಣೆಗಳು ಕೆಟ್ಟ ದಿನವೇ ಮೂಲೆ ಸೇರುವುದಕ್ಕೆ ಕಾರಣ, ಸುತ್ತಮುತ್ತ ಅವುಗಳನ್ನು ಬಲ್ಲವರಿಲ್ಲದಿರುವುದು. ಊರಿನ ಕೈಗೆ ನಿಲುಕುವ ಕಟ್ಟಡವೇ ಬಹುಕಾಲ ಬಾಳುತ್ತದೆ. ಗಾಂದೊದಲ್ಲಿ 120 ಇದ್ದ ಮಕ್ಕಳ ಸಂಖ್ಯೆ ಕಾಲಕ್ರಮದಲ್ಲಿ 700ಕ್ಕೆ ಏರಿತು. ಶಿಕ್ಷಕರ ವಸತಿ, ಹೆಚ್ಚುವರಿ ಕೊಠಡಿಗಳು ಒಂದೊಂದಾಗಿ ಸೇರಿದವು. ಕಟ್ಟಡವೊಂದರಿಂದಲೇ ಹೀಗಾಯಿತೆಂದು ಹೇಳಲಾಗದು. ಆದರೆ ಶಾಲೆ ತಮ್ಮದೆಂಬ ಭಾವನೆ ಊರಿನಲ್ಲಿ ಮೂಡಿದುದಕ್ಕೆ ಆ ಕಟ್ಟಡದ ಕೆಲಸವೇ ಆರಂಭ.

ನಮ್ಮ ಪ್ರದೇಶಗಳಿಗೆ ಅನ್ವಯ

ಈ ಮಾದರಿಯನ್ನು ಎಲ್ಲೆಡೆ ಹಾಗೆಯೇ ನಕಲು ಮಾಡುವುದು ತಪ್ಪಾಗುತ್ತದೆ. ಆಯಾ ಪ್ರದೇಶದ ಹಳೆಯ ಮನೆಗಳೇ ಅಲ್ಲಿಯ ಹವೆಗೆ ತಕ್ಕ ಪಾಠ ಹೇಳುತ್ತವೆ.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಅಲ್ಲಿಗೆ ಮುರಕಲ್ಲಿನ ಗೋಡೆ, ಇಳಿಜಾರಾದ ಹೆಂಚಿನ ಮಾಡು, ಚಾಚಿದ ಸೂರು ಒಪ್ಪುತ್ತವೆ. ಹೆಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಇರುವ ಹಳೆಯ ಮನೆಯನ್ನು ನೋಡಿದವರಿಗೆ ಗಾಂದೊದ ಎರಡು ಚಾವಣಿಗಳ ತತ್ತ್ವ ತಟ್ಟನೆ ಅರ್ಥವಾಗುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗಗಳದು ಒಣಹವೆ. ಅಲ್ಲಿಯ ಮಾಳಿಗೆ ಮನೆಗಳ ದಪ್ಪ ಗೋಡೆ, ಮಣ್ಣು ಹರಡಿದ ಮೇಲ್ಛಾವಣಿ, ಬೆಳಕಿಂಡಿ ಇವು ಅದೇ ತತ್ತ್ವದ ಇನ್ನೊಂದು ರೂಪ. ಇಂತಹ ಕಡೆ ನಡುಹಗಲಿನ ಹೊರಗಾಳಿಯೇ ಸುಡುವುದರಿಂದ, ಜಾಲರಿ ಇರುವ ಕಿಟಕಿಗಳನ್ನು ರಾತ್ರಿ ತೆರೆದಿಟ್ಟು ಗೋಡೆಗಳನ್ನು ಆರಿಸುವುದು ಹೆಚ್ಚು ಫಲಕಾರಿ.

ನೀಲಗಿರಿಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅಲ್ಲಿ ಬೇಕಾದುದು ಬೆಚ್ಚಗಿನ ಕೊಠಡಿ. ಸಂದುಗಳುಳ್ಳ ಒಳಚಾವಣಿ ಅಲ್ಲಿ ಸಲ್ಲದು. ಎಳೆಬಿಸಿಲು ಒಳಬರುವ ಕಿಟಕಿಯೂ ಭದ್ರವಾದ ಒಳಚಾವಣಿಯೂ ಬೇಕು.

ಶಿಕ್ಷಕರು ಏನು ಮಾಡಬಹುದು?

ಕಟ್ಟಡ ತಮ್ಮ ಕೈಯಲ್ಲಿಲ್ಲವೆಂದು ಶಿಕ್ಷಕರು ಸುಮ್ಮನಾಗುವುದುಂಟು. ಆದರೆ ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಸರ್ಕಾರಿ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿಯು ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ಅನುದಾನಿತ ಶಾಲೆಗಳಲ್ಲಿ ಆಡಳಿತ ಮಂಡಳಿಯ ಮುಂದೆ ವಿಷಯವನ್ನು ಇಡಬಹುದು. ‘ಕೊಠಡಿ ಬಿಸಿಯಾಗುತ್ತದೆ’ ಎಂಬ ದೂರಿಗಿಂತ ಮಕ್ಕಳೇ ಅಳೆದು ಬರೆದ ಅಂಕಿಗಳಿಗೆ ಹೆಚ್ಚಿನ ತೂಕವಿರುತ್ತದೆ. ಅದಕ್ಕಾಗಿ ಈ ಚಟುವಟಿಕೆಗಳನ್ನು ಸೂಚಿಸಲಾಗಿದೆ.

1. ಉಷ್ಣತೆಯ ದಾಖಲೆ: ಹೊರಗಿನ ನೆರಳಿನಲ್ಲಿ, ಕುಳಿತ ಮಗುವಿನ ತಲೆಯ ಮಟ್ಟದಲ್ಲಿ ಮತ್ತು ಚಾವಣಿಯ ಸಮೀಪದಲ್ಲಿ ಉಷ್ಣತಾಮಾಪಕ ಇರಿಸಿ, ಬೆಳಿಗ್ಗೆ 10, ಮಧ್ಯಾಹ್ನ 12 ಮತ್ತು 3 ಗಂಟೆಗೆ ಎರಡು ವಾರ ದಾಖಲಿಸಿ ನಕ್ಷೆ ಬರೆಯಿಸುವುದು.

2. ಗಾಳಿಯ ಜಾಡು: ಶಿಕ್ಷಕರು ಊದುಬತ್ತಿಯನ್ನು ಹಚ್ಚಿ ಕಿಟಕಿ, ಬಾಗಿಲು, ಮೂಲೆಗಳ ಬಳಿ ಹಿಡಿದು, ಹೊಗೆ ಸಾಗುವ ದಿಕ್ಕನ್ನು ಕೊಠಡಿಯ ನಕ್ಷೆಯಲ್ಲಿ ಮಕ್ಕಳಿಂದ ಗುರುತಿಸಿಸುವುದು. ಹೊಗೆ ನಿಂತಲ್ಲೇ ನಿಲ್ಲುವ ಮೂಲೆಯಲ್ಲಿ ಯಾರು ಕುಳಿತಿದ್ದಾರೆಂಬುದನ್ನು ಗಮನಿಸುವುದು.

3. ಸುಣ್ಣದ ಪ್ರಯೋಗ: ಒಂದೇ ಬಗೆಯ ಎರಡು ಕೊಠಡಿಗಳಿದ್ದರೆ, ಹಿರಿಯರ ನೆರವಿನಿಂದ ಒಂದರ ಚಾವಣಿಯ ಮೇಲ್ಭಾಗಕ್ಕೆ ಮಾತ್ರ ಬಿಳಿ ಸುಣ್ಣ ಬಳಿಸಿ, ಎರಡರ ಉಷ್ಣತೆಯನ್ನು ಹೋಲಿಸುವುದು.

4. ಪದಸಂಗ್ರಹ: ಸೂರು, ತೊಲೆ, ಜಂತೆ, ಮುಚ್ಚಿಗೆ, ಬೆಳಕಿಂಡಿ, ಪಡಸಾಲೆ, ಜಗಲಿ ಮೊದಲಾದ ಪದಗಳನ್ನು ಮನೆಯ ಹಿರಿಯರಿಂದ ಕೇಳಿ, ಚಿತ್ರಸಹಿತ ಕೋಶ ತಯಾರಿಸುವುದು. ಒಂದೊಂದು ಪದದ ಎದುರಿಗೆ ಆ ಭಾಗ ಮಾಡುವ ಕೆಲಸವನ್ನು ಬರೆಯಿಸುವುದು.

ಕಟ್ಟಡವನ್ನೇ ಕಲಿಕೋಪಕರಣವಾಗಿಸುವ ‘ಬಾಲಾ’ ಕಾರ್ಯಕ್ರಮ ನಮಗೆ ಪರಿಚಿತ. ಗೋಡೆಯ ಮೇಲಿನ ಚಿತ್ರಗಳಿಗೆ ಅದು ನಿಲ್ಲಬಾರದು. ಗೋಡೆಯೇಕೆ ತಂಪಾಗಿದೆ, ಚಾವಣಿಯೇಕೆ ಸುಡುತ್ತದೆ ಎಂಬ ಪ್ರಶ್ನೆಯೂ ಅದರ ಭಾಗವಾಗಬೇಕು.

ಮಾಳಿಗೆಯೂ ಮಾಡೂ ಮರೆಯಾಗುತ್ತಿರುವಾಗ ಅವುಗಳೊಡನೆ ಅವುಗಳ ಕನ್ನಡ ಹೆಸರುಗಳೂ, ಆ ಹೆಸರುಗಳಲ್ಲಿದ್ದ ತಿಳಿವಳಿಕೆಯೂ ಮರೆಯಾಗುತ್ತಿವೆ. ಮುಂದೆ ಶಾಲೆಗೆ ಹೊಸ ಕಟ್ಟಡದ ಮಂಜೂರಾತಿ ಬಂದಾಗ, ಚಾವಣಿ ಹೇಗಿರಬೇಕೆಂದು ಕೇಳುವವರು ಸಭೆಯಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ಮಕ್ಕಳ ದಾಖಲೆಪುಸ್ತಕವನ್ನು ಕೈಯಲ್ಲಿ ಹಿಡಿದ ಶಿಕ್ಷಕರಾಗಲಿ.