ಟಾರ್ಕ್ ವ್ರೆಂಚ್ (ಸೈಕಲ್ ನಿರ್ವಹಣೆ)

ಟಾರ್ಕ್ ವ್ರೆಂಚ್ ಎಂಬುದು ನಟ್ಟು ಅಥವಾ ಬೋಲ್ಟನ್ನು ನಿಗದಿತ ಪ್ರಮಾಣದಲ್ಲಿ ಬಿಗಿಯಲು ಬಳಸುವ, ಅಳತೆಯನ್ನು ಸೂಚಿಸುವ ಸ್ಪ್ಯಾನರ್. ತಿರುಗಿಸುವ ಬಲವನ್ನು, ಬೋಲ್ಟಿನ ಕೇಂದ್ರದಿಂದ ಆ ಬಲ ಬೀಳುವ ಜಾಗಕ್ಕಿರುವ ದೂರದಿಂದ ಗುಣಿಸಿದರೆ ಟಾರ್ಕ್ ದೊರೆಯುತ್ತದೆ. ಇದರ ಏಕಮಾನ ನ್ಯೂಟನ್-ಮೀಟರ್ (ನ್ಯೂ.ಮೀ.). ಮನೆಯಲ್ಲಿಯೇ ಸೈಕಲ್ಲನ್ನು ನೋಡಿಕೊಳ್ಳುವವರಿಗೆ ಮೊದಲು ಬೇಕಾಗುವುದು ಸುಮಾರು 2ರಿಂದ 15 ನ್ಯೂ.ಮೀ. ವ್ಯಾಪ್ತಿಯ ಸಣ್ಣ ವ್ರೆಂಚ್.

ಅಗತ್ಯ

ದಪ್ಪ ಉಕ್ಕಿನ ಹಳೆಯ ಮಾದರಿಯ ಸೈಕಲ್ಲುಗಳಿಗೆ ಸಾಮಾನ್ಯ ಸ್ಪ್ಯಾನರ್ ಮತ್ತು ಅನುಭವಿಯ ಕೈಯಂದಾಜು ಸಾಕಾಗುತ್ತಿತ್ತು. ಉಕ್ಕು ಸ್ವಲ್ಪ ಹೆಚ್ಚಿನ ಬಿಗಿತವನ್ನೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಮತ್ತು ಕಾರ್ಬನ್ ನಾರಿನ ಭಾಗಗಳು ಹಾಗಲ್ಲ. ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಹೋಗುತ್ತದೆ. ಕಾರ್ಬನ್ ಕೊಳವೆ ಒಳಗೊಳಗೇ ಸೀಳಿ, ಮುಂದೆಂದೋ ಸವಾರಿಯ ನಡುವೆ ಮುರಿಯಬಹುದು. ಸಡಿಲವಾಗಿ ಬಿಟ್ಟರೆ ಜೋರಾಗಿ ಬ್ರೇಕ್ ಹಿಡಿದಾಗ ಹ್ಯಾಂಡಲ್ ಜಾರಿ ಸವಾರ ಬೀಳುವ ಅಪಾಯವಿದೆ.

ಸಣ್ಣ ಬೋಲ್ಟುಗಳಲ್ಲಿ ಕೈಯಂದಾಜು ಸುಲಭವಾಗಿ ತಪ್ಪುತ್ತದೆ. 15 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 5 ನ್ಯೂ.ಮೀ. ಟಾರ್ಕ್ ಪಡೆಯಲು ಸುಮಾರು 33 ನ್ಯೂಟನ್, ಅಂದರೆ ಮೂರೂವರೆ ಕಿಲೋ ತೂಕದಷ್ಟು ಬಲ ಸಾಕು. ಇದರ ಎರಡು ಮೂರು ಪಟ್ಟು ಬಲವನ್ನು ಮನುಷ್ಯನ ಕೈ ಅರಿವಿಲ್ಲದೆಯೇ ಹಾಕಬಲ್ಲದು.

ಇತಿಹಾಸ

ಈ ಉಪಕರಣದ ಮೂಲವನ್ನು ಸಾಮಾನ್ಯವಾಗಿ ಅಮೆರಿಕದ ಕಾನ್ರಾಡ್ ಬಾರ್ ಅವರಿಗೆ ಸಲ್ಲಿಸಲಾಗುತ್ತದೆ. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಅವರು, ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಅತಿಯಾಗಿ ಬಿಗಿಯುವುದನ್ನು ತಡೆಯಲು 1918ರಲ್ಲಿ ಇದನ್ನು ರೂಪಿಸಿದರು ಎನ್ನಲಾಗಿದೆ.

ವಿಧಗಳು

* ದಂಡದ ಮಾದರಿ: ಹಿಡಿಯು ಬಾಗಿದಂತೆ ಮುಳ್ಳು ಅಳತೆಪಟ್ಟಿಯ ಮೇಲೆ ಟಾರ್ಕನ್ನು ತೋರಿಸುತ್ತದೆ. ರಚನೆ ಸರಳ, ಬೆಲೆ ಕಡಿಮೆ. ಎರಡೂ ದಿಕ್ಕಿನಲ್ಲಿ ಅಳೆಯುತ್ತದೆ. ಮುಳ್ಳನ್ನು ನೇರವಾಗಿ ಎದುರಿನಿಂದಲೇ ನೋಡಬೇಕು.
* ಕ್ಲಿಕ್ ಮಾದರಿ: ಮೊದಲೇ ಹೊಂದಿಸಿದ ಟಾರ್ಕ್ ತಲುಪಿದಾಗ 'ಟಕ್' ಎಂಬ ಸದ್ದು ಮಾಡುತ್ತದೆ. ಒಳಗಿನ ಸ್ಪ್ರಿಂಗ್ ಕಾಲಕ್ರಮೇಣ ಸೊರಗಬಹುದು.
* ಸ್ಥಿರ ಮಾದರಿ: 4, 5 ಅಥವಾ 6 ನ್ಯೂ.ಮೀ.ನಂತಹ ಒಂದೆರಡು ಪ್ರಮಾಣಗಳಿಗಷ್ಟೇ ಸೀಮಿತ. ಚಿಕ್ಕದು, ಪ್ರಯಾಣಕ್ಕೆ ಅನುಕೂಲ.
* ಡಿಜಿಟಲ್ ಮಾದರಿ: ಅಂಕಿಗಳಲ್ಲಿ ತೋರಿಸುತ್ತದೆ, ಬ್ಯಾಟರಿ ಬೇಕು.

ಸಾಮಾನ್ಯ ಪ್ರಮಾಣಗಳು

* ನೀರಿನ ಬಾಟಲಿಯ ಹಿಡಿಕೆ: 2–3 ನ್ಯೂ.ಮೀ.
* ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್: 4–6 ನ್ಯೂ.ಮೀ.
* ಸೀಟು ಕಂಬದ ಕ್ಲ್ಯಾಂಪ್: 4–7 ನ್ಯೂ.ಮೀ.
* ಹಿಂಬದಿ ಡಿರೇಲರ್: 8–10 ನ್ಯೂ.ಮೀ.
* ಪೆಡಲ್: 35 ನ್ಯೂ.ಮೀ. ಅಥವಾ ಹೆಚ್ಚು
* ಹಿಂಚಕ್ರದ ಕ್ಯಾಸೆಟ್ ಲಾಕ್‌ರಿಂಗ್: ಸುಮಾರು 40 ನ್ಯೂ.ಮೀ.

ಇವು ಅಂದಾಜು ಮಾತ್ರ. ಆಯಾ ಭಾಗದ ಮೇಲೆ ಅಥವಾ ತಯಾರಕರ ಕೈಪಿಡಿಯಲ್ಲಿ ಮುದ್ರಿತವಾದ ಪ್ರಮಾಣವೇ ಅಂತಿಮ.

ಆಯ್ಕೆ

ಮೇಲಿನ ಪಟ್ಟಿಯು ಎರಡು ಗುಂಪಾಗಿ ಒಡೆಯುವುದರಿಂದ ಒಂದೇ ವ್ರೆಂಚ್ ಎಲ್ಲಕ್ಕೂ ಒದಗುವುದಿಲ್ಲ. ಸಣ್ಣ ವ್ಯಾಪ್ತಿಯದನ್ನು ಮೊದಲು ಕೊಂಡು, ಪೆಡಲ್ ಮತ್ತು ಲಾಕ್‌ರಿಂಗ್‌ನಂತಹ ಕೆಲಸಕ್ಕೆ ಸುಮಾರು 10ರಿಂದ 60 ನ್ಯೂ.ಮೀ.ವರೆಗಿನದನ್ನು ಅನಂತರ ಸೇರಿಸಿಕೊಳ್ಳಬಹುದು. ವ್ಯಾಪ್ತಿಯ ತೀರಾ ಕೆಳತುದಿಯಲ್ಲಿ ಅಳತೆಯ ನಂಬಿಕೆ ಕಡಿಮೆ. ಎಡ ಪೆಡಲ್ ಅಪ್ರದಕ್ಷಿಣವಾಗಿ ಬಿಗಿಯುತ್ತದೆ. ಹಲವು ಕ್ಲಿಕ್ ವ್ರೆಂಚುಗಳು ಒಂದೇ ದಿಕ್ಕಿನಲ್ಲಿ ಅಳೆಯುವುದರಿಂದ ಇದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಏಕಮಾನವನ್ನೂ ಗಮನಿಸಬೇಕು: 5 ನ್ಯೂ.ಮೀ. ಎಂದರೆ ಸುಮಾರು 44 ಇಂಚು-ಪೌಂಡ್.

ಹಲಸೂರು ಮತ್ತು ಇಂದಿರಾನಗರಗಳ ನಡುವಿನ ಜೋಗುಪಾಳ್ಯದಂತಹ ಬೆಂಗಳೂರಿನ ಹಳೆಯ ಬಡಾವಣೆಗಳ ನಿವಾಸಿಗಳು ಉಪಕರಣಗಳಿಗಾಗಿ ಎಸ್.ಪಿ. ರಸ್ತೆಗೂ ವಾಹನಗಳ ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಗೂ ಹೋಗುವುದು ರೂಢಿ. ಆದರೆ ಕಾರಿನ ಚಕ್ರದ ನಟ್ಟುಗಳಿಗೆಂದು ಮಾರುವ ಅರ್ಧ ಇಂಚಿನ ವ್ರೆಂಚುಗಳ ಅಳತೆ ಸಾಮಾನ್ಯವಾಗಿ 20–30 ನ್ಯೂ.ಮೀ.ನಿಂದ ಮೇಲಕ್ಕೆ ಆರಂಭವಾಗುತ್ತದೆ. ಅಂಥದರಿಂದ ಹ್ಯಾಂಡಲಿನ ಬೋಲ್ಟು ಬಿಗಿದರೆ, ಸದ್ದು ಕೇಳುವ ಮೊದಲೇ ಬೋಲ್ಟು ಮುರಿದಿರುತ್ತದೆ.

ಬಳಕೆ ಮತ್ತು ಪಾಲನೆ

ಹಿಡಿಯ ಮಧ್ಯಭಾಗವನ್ನು ಹಿಡಿದು, ಎಳೆತವಿಲ್ಲದೆ ನಿಧಾನವಾಗಿ ತಿರುಗಿಸಬೇಕು. ಮೊದಲ ಸದ್ದಿಗೇ ನಿಲ್ಲಿಸಬೇಕು. ಸ್ಟೆಮ್‌ನ ನಾಲ್ಕು ಬೋಲ್ಟುಗಳನ್ನು ಕರ್ಣೀಯವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹಾಕಿದ ಟಾರ್ಕಿನ ಹೆಚ್ಚಿನ ಪಾಲು ಘರ್ಷಣೆಯಲ್ಲೇ ಕಳೆಯುತ್ತದೆ. ಆದ್ದರಿಂದ ಗ್ರೀಸ್ ಹಚ್ಚಿದ ಬೋಲ್ಟು ಅದೇ ಟಾರ್ಕಿಗೆ ಒಣ ಬೋಲ್ಟಿಗಿಂತ ಹೆಚ್ಚು ಬಿಗಿಯಾಗುತ್ತದೆ; ಗ್ರೀಸ್ ಬೇಕೆ ಬೇಡವೆ ಎಂಬ ಬಗ್ಗೆ ತಯಾರಕರ ಸೂಚನೆಯನ್ನು ಪಾಲಿಸಬೇಕು. ಕಾರ್ಬನ್ ಕಂಬಕ್ಕೆ ಗ್ರೀಸಿನ ಬದಲು ಅದಕ್ಕೆಂದೇ ಇರುವ ತರಿತರಿಯಾದ ಪೇಸ್ಟನ್ನು ಬಳಸಲಾಗುತ್ತದೆ.

ಬೋಲ್ಟು ಬಿಚ್ಚಲು ಟಾರ್ಕ್ ವ್ರೆಂಚನ್ನು ಬಳಸಬಾರದು. ಕ್ಲಿಕ್ ಮಾದರಿಯನ್ನು ಎತ್ತಿಡುವಾಗ ಅಳತೆಪಟ್ಟಿಯ ಕನಿಷ್ಠ ಗುರುತಿಗೆ ಇಳಿಸಬೇಕು. ಮನೆಯಲ್ಲಿ ಸ್ಥೂಲ ಪರೀಕ್ಷೆಯೂ ಸಾಧ್ಯ: ಅಡ್ಡಲಾಗಿ ಹಿಡಿದ ವ್ರೆಂಚಿನ ಕೇಂದ್ರದಿಂದ 25 ಸೆಂ.ಮೀ. ದೂರದಲ್ಲಿ 2 ಕಿ.ಗ್ರಾಂ. ತೂಗುಹಾಕಿದರೆ ಸುಮಾರು 4.9 ನ್ಯೂ.ಮೀ. ಉಂಟಾಗುತ್ತದೆ, ವ್ರೆಂಚಿನ ಸ್ವಂತ ತೂಕವೂ ಇದಕ್ಕೆ ಸ್ವಲ್ಪ ಸೇರುತ್ತದೆ. ನಿಖರ ಪರೀಕ್ಷೆಗೆ ಮಾನ್ಯತೆ ಪಡೆದ ಮಾಪನ ಪ್ರಯೋಗಾಲಯವೇ ಬೇಕು.